ದುಡಿಮೆಯ ರೀತಿ ಬದಲಾಗಿದೆ, ಧಣಿಗಳೇ, ನೀವು?

ಹುಲಿಗಿ ಎಂದೊಡನೆ ನಾಡಿನ ಜನರ ಕಣ್ಣಮುಂದೆ ಬರುವುದು ತುಂಗಭದ್ರೆಯ ದಂಡೆಯ ಹುಲಿಗೆಮ್ಮ ದೇವಿಯ ಗುಡಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆಯ ದಿನಗಳಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಆ ಜನಜಂಗುಳಿಯ ಬೆನ್ನ ಹಿಂದೆ ದುಡಿಯುವವರ ಕಡೆ ನಮ್ಮ ಗಮನ ಹೋಗುವುದು ಕಡಿಮೆ. ತೆಂಗಿನಕಾಯಿ, ಕುಂಕುಮ, ಬಳೆ ಮಾರುವವರು, ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು, ಆಟೊ ಓಡಿಸುವವರು, ಲಾಡ್ಜಿನಲ್ಲಿ ರಾತ್ರಿಯಿಡೀ ಎಚ್ಚರವಿರುವ ಹುಡುಗರು – ಇವರ ದಿನ ನಸುಕಿನಲ್ಲಿ ಆರಂಭವಾದರೆ ಮುಗಿಯುವುದು ನಡುರಾತ್ರಿಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳ ತೀರ್ಥಯಾತ್ರೆ ಹೆಚ್ಚಿತು. ಗುಡಿಯ ಊರುಗಳಲ್ಲಿ ವ್ಯಾಪಾರವೂ ಹೆಚ್ಚಿತು, ದುಡಿಯುವವರ ಹೊತ್ತೂ ಹೆಚ್ಚಿತು.

ಹೊತ್ತು ಹೆಚ್ಚಿದರೆ ಲಾಭ ಹೆಚ್ಚುತ್ತದೆ ಎಂಬುದು ವ್ಯಾಪಾರದ ಲೆಕ್ಕ. ಮೈಯ ಲೆಕ್ಕ ಬೇರೆ. ಮೈ ಸಾಲ ಕೊಡುತ್ತದೆ, ಆದರೆ ಬಡ್ಡಿ ಬಿಡುವುದಿಲ್ಲ. ಕೆಲಸದ ರೀತಿ ಬದಲಾದಾಗ ಧಣಿಗಳು ಹೊಸ ಯಂತ್ರ ತರುತ್ತಾರೆ, ಹೊಸ ಲೆಕ್ಕಪತ್ರ ಕಲಿಯುತ್ತಾರೆ, ಮೊಬೈಲಿನಲ್ಲಿ ಹಣ ಪಡೆಯುವುದನ್ನೂ ಕಲಿಯುತ್ತಾರೆ. ದುಡಿಯುವ ಮನುಷ್ಯನ ಮೈ-ಮನಸ್ಸು ಹೊಸ ರೀತಿಗೆ ಹೇಗೆ ಹೊಂದಿಕೊಳ್ಳಬೇಕು ಎಂಬುದನ್ನು ಮಾತ್ರ ಅವನಿಗೇ ಬಿಟ್ಟುಬಿಡುತ್ತಾರೆ. ಯಾರು ಯಾವಾಗ ಕೆಲಸಕ್ಕೆ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ನೀರು ಕುಡಿಯಬೇಕು, ಯಾವಾಗ ಮಲಗಬೇಕು – ಇವನ್ನೆಲ್ಲ ನಿಜವಾಗಿ ತೀರ್ಮಾನಿಸುವವರು ವೈದ್ಯರಲ್ಲ, ಧಣಿಗಳು. ಆದ್ದರಿಂದ ಈ ವಾರದ ಮಾತು ಅವರೊಂದಿಗೆ. ದೊಡ್ಡ ಕಾರ್ಖಾನೆಯ ಮ್ಯಾನೇಜರಿನಿಂದ ಹಿಡಿದು ಇಬ್ಬರು ಹುಡುಗರನ್ನು ಇಟ್ಟುಕೊಂಡ ಅಂಗಡಿಯವರ ತನಕ, ಇನ್ನೊಬ್ಬರಿಗೆ ಕೆಲಸ ಹೇಳುವವರೆಲ್ಲ ಈ ಲೇಖನದ ಮಟ್ಟಿಗೆ ಧಣಿಗಳೇ.

ಬದಲಾದದ್ದು ಏನು?

ಹುಲಿಗಿಗೆ ಹತ್ತಿರದ ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ಅದಕ್ಕೆ ಮುಂಚೆ ಈ ಸೀಮೆಯ ದುಡಿಮೆಗೆ ಸೂರ್ಯನೇ ಗಡಿಯಾರ. ಹೊತ್ತು ಮೂಡಿದಾಗ ಹೊಲಕ್ಕೆ, ಹೊತ್ತು ಮುಳುಗಿದಾಗ ಮನೆಗೆ. ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ, ಕಾರಟಗಿಗಳ ಸುತ್ತ ಭತ್ತ ಬಂತು, ಭತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು. 1990ರ ದಶಕದಲ್ಲಿ ಬೇವಿನಹಳ್ಳಿಯ ಬಳಿ ಕಿರ್ಲೋಸ್ಕರ್ ಫೆರಸ್, ಗಿಣಿಗೇರಿಯಲ್ಲಿ ಹೊಸಪೇಟೆ ಸ್ಟೀಲ್ಸ್‌ನಂತಹ ಕಬ್ಬಿಣ-ಉಕ್ಕಿನ ಕಾರ್ಖಾನೆಗಳು ಬಂದವು. ಊದುಕುಲುಮೆಯನ್ನು ರಾತ್ರಿ ಆರಿಸಿ ಬೆಳಿಗ್ಗೆ ಹೊತ್ತಿಸಲು ಬರುವುದಿಲ್ಲ. ಹೀಗಾಗಿ ಮೂರು ಪಾಳಿಯ ದುಡಿಮೆ ಹಳ್ಳಿಯ ಮನೆಗಳಿಗೂ ಹೊಕ್ಕಿತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದ ಮೇಲೆ ಕಚೇರಿ, ಆಸ್ಪತ್ರೆ, ಕಾಲೇಜುಗಳೂ ಬೆಳೆದವು. ಹಳೆಯ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಭಾನಾಪುರದ ಬಳಿ ಆಟಿಕೆ ಕಾರ್ಖಾನೆಗಳಿಗಾಗಿ ಮೀಸಲಾದ ಕೈಗಾರಿಕಾ ಪ್ರದೇಶಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು.

ಇದೇ ಜಿಲ್ಲೆಯ ಕಿನ್ನಾಳದಲ್ಲಿ ತಲೆತಲಾಂತರದಿಂದ ಮರದ ಬೊಂಬೆ ಮಾಡುತ್ತಾರೆ. ಅಲ್ಲಿನ ಕುಶಲಕರ್ಮಿ ಮನೆಯ ಪಡಸಾಲೆಯಲ್ಲಿ ಕೂತು, ಬೇಕೆನಿಸಿದಾಗ ಎದ್ದು, ಕಣ್ಣು ದಣಿದಾಗ ಬಣ್ಣದ ಕುಂಚ ಕೆಳಗಿಡಬಲ್ಲ. ಕಾರ್ಖಾನೆಯಲ್ಲಿ ಆಟಿಕೆ ಜೋಡಿಸುವ ಹುಡುಗಿಗೆ ಆ ಸ್ವಾತಂತ್ರ್ಯವಿಲ್ಲ. ಮುಂದಿನ ತುಂಡು ಬಂದೇ ಬರುತ್ತದೆ. ಎರಡೂ ಕೆಲಸದಲ್ಲಿ ಹುಟ್ಟುವುದು ಬೊಂಬೆಯೇ. ಆದರೆ ಕೆಲಸದ ವೇಗ ಒಂದು ಕಡೆ ದುಡಿಯುವವನ ಕೈಯಲ್ಲಿದೆ, ಇನ್ನೊಂದು ಕಡೆ ಬೇರೆಯವರ ಕೈಯಲ್ಲಿದೆ. ದುಡಿಮೆಯ ಬದಲಾವಣೆ ಎಂದರೆ ಮುಖ್ಯವಾಗಿ ಇದೇ. ವೇಗ ಯಾರ ಕೈಯಲ್ಲಿದೆಯೋ ಹೊಣೆಯೂ ಅವರದೇ ಆಗಬೇಕು.

ಮೈಯೊಳಗಿನ ಗಡಿಯಾರ

ನಮ್ಮ ಮೆದುಳಿನಲ್ಲಿ, ಅಷ್ಟೇ ಏಕೆ, ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಸುಮಾರು 24 ಗಂಟೆಗೊಮ್ಮೆ ಸುತ್ತುವ ಗಡಿಯಾರವೊಂದಿದೆ. ನಿದ್ದೆ, ಹಸಿವು, ರಕ್ತದ ಒತ್ತಡ, ಮೈಯ ಬಿಸಿ ಎಲ್ಲವೂ ಅದರ ಹೇಳಿಕೆಯಂತೆ ಏರಿಳಿಯುತ್ತವೆ. ಈ ಗಡಿಯಾರ ಹೇಗೆ ನಡೆಯುತ್ತದೆಂದು ತೋರಿಸಿಕೊಟ್ಟ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್ ಮತ್ತು ಮೈಕೆಲ್ ಯಂಗ್ ಎಂಬ ವಿಜ್ಞಾನಿಗಳಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು. ಬೆಳಕು ಈ ಗಡಿಯಾರಕ್ಕೆ ಕೀಲಿ ಕೊಡುತ್ತದೆ. ರಾತ್ರಿ ದುಡಿದು ಹಗಲು ಮಲಗುವವನ ಮೈಯೊಳಗೆ ಗಡಿಯಾರ ಒಂದು ಹೇಳುತ್ತದೆ, ಕಾರ್ಖಾನೆಯ ಸೈರನ್ ಇನ್ನೊಂದು ಹೇಳುತ್ತದೆ.

ಇದರ ಪರಿಣಾಮವೇನು? ಮೊದಲಿಗೆ ನಿದ್ದೆಗೇಡು, ಹುಳಿತೇಗು, ಮಲಬದ್ಧತೆ, ಸಿಡುಕು. ವರ್ಷಗಟ್ಟಲೆ ಮುಂದುವರಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳ ಸಂಭವ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ದೀರ್ಘಕಾಲದ ರಾತ್ರಿಪಾಳಿಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ 2007ರಲ್ಲಿ ಸೇರಿಸಿತು. 2019ರಲ್ಲಿ ಮತ್ತೊಮ್ಮೆ ಪರಿಶೀಲಿಸಿ ಅಲ್ಲಿಯೇ ಉಳಿಸಿತು. ಇದನ್ನೋದಿ ಯಾರೂ ಹೆದರಿ ಕೆಲಸ ಬಿಡಬೇಕಾಗಿಲ್ಲ. ಅಪಾಯವನ್ನು ಕಡಿಮೆ ಮಾಡುವ ದಾರಿಗಳಿವೆ.

ತಕ್ಷಣದ ಅಪಾಯವೆಂದರೆ ಅಪಘಾತ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ರಾತ್ರಿಪಾಳಿಯಲ್ಲಿ ಅವಘಡದ ಸಂಭವ ಬೆಳಗಿನ ಪಾಳಿಗಿಂತ ಸುಮಾರು ಶೇ 30ರಷ್ಟು ಹೆಚ್ಚೆಂದು ಕಂಡುಬಂದಿದೆ. ಸತತ ರಾತ್ರಿಗಳಾದರೆ ನಾಲ್ಕನೆಯ ರಾತ್ರಿಯ ಅಪಾಯ ಮೊದಲ ರಾತ್ರಿಗಿಂತ ಮೂರನೇ ಒಂದು ಪಾಲಿಗೂ ಹೆಚ್ಚು. ‘ಮೂರು ದಿನದಲ್ಲಿ ರೂಢಿಯಾಗುತ್ತದೆ ಬಿಡಿ’ ಎಂಬ ಮಾತು ಹಾಗಾದರೆ ಪೂರ್ತಿ ತಪ್ಪು. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವರಷ್ಟಕ್ಕೆ ಇಳಿದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆ 30 ಮಿಲಿಗ್ರಾಂ ದಾಟಿದವನನ್ನೇ ಕುಡಿದು ಓಡಿಸಿದವನೆಂದು ಹಿಡಿಯುತ್ತದೆ. ಹಗಲೆಲ್ಲ ಹೊಲದಲ್ಲಿ ದುಡಿದು, ರಾತ್ರಿಪಾಳಿಗೆ ಬಂದು, ನಸುಕಿನಲ್ಲಿ ಹೆದ್ದಾರಿಯ ಮೇಲೆ ಬೈಕಿನಲ್ಲಿ ಮನೆಗೆ ಹೊರಟವನು ಒಂದು ಹನಿ ಕುಡಿಯದಿದ್ದರೂ ಕುಡಿದವನಂತೆಯೇ. ಅವನ ಎದುರಿಗೆ ಅದಿರು ಲಾರಿ ಬರುತ್ತಿರುತ್ತದೆ.

ಧಣಿಗಳು ಏನು ಮಾಡಬಹುದು? ಸತತ ಎರಡು-ಮೂರು ರಾತ್ರಿಗಿಂತ ಹೆಚ್ಚು ಹಾಕಬೇಡಿ. ಪಾಳಿ ಬದಲಿಸುವಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಬದಲಿಸಿ. ಹಿಂದಕ್ಕೆ ತಳ್ಳಿದರೆ ಮೈಗೆ ಕಷ್ಟ. ಒಂದು ಪಾಳಿ ಮುಗಿದು ಇನ್ನೊಂದು ಶುರುವಾಗಲು ಕನಿಷ್ಠ 11 ಗಂಟೆ ಬಿಡುವಿರಲಿ. ಪಾಳಿಯ ಪಟ್ಟಿಯನ್ನು ಎರಡು ವಾರ ಮುಂಚೆಯೇ ಗೋಡೆಗೆ ಅಂಟಿಸಿ. ಮದುವೆ, ಜಾತ್ರೆ, ಮಕ್ಕಳ ಪರೀಕ್ಷೆಗೆ ಅವರು ಏರ್ಪಾಡು ಮಾಡಿಕೊಳ್ಳುತ್ತಾರೆ. ರಾತ್ರಿಪಾಳಿಯ ನಡುವೆ 20 ನಿಮಿಷ ಕಣ್ಣು ಮುಚ್ಚಲು ಒಂದು ಕೋಣೆ ಕೊಡಿ. ಅದು ಸೋಮಾರಿತನಕ್ಕೆ ಕೊಟ್ಟ ಅನುಮತಿಯಲ್ಲ, ಯಂತ್ರಕ್ಕೆ ಎಣ್ಣೆ ಬಿಟ್ಟಂತೆ. ನಸುಕಿನಲ್ಲಿ ಮನೆಗೆ ಹೋಗುವವರಿಗೆ ಗಾಡಿಯ ಏರ್ಪಾಡು ಮಾಡಿದರೆ ಒಂದು ಜೀವ ಉಳಿದೀತು.

ಬಿಸಿಲು ಮತ್ತು ಬೆಂಕಿ

ನಮ್ಮ ಸೀಮೆಯ ಬೇಸಿಗೆಯ ಬಗ್ಗೆ ಹೇಳಬೇಕಾಗಿಲ್ಲ. ಹುಲಿಗೆಮ್ಮನ ಜಾತ್ರೆಯೂ ಬೇಸಿಗೆಯಲ್ಲೇ. ಹೊರಗೆ 40 ಡಿಗ್ರಿ ಬಿಸಿಲು, ಒಳಗೆ ಕುಲುಮೆ, ಬಾಯ್ಲರ್ ಅಥವಾ ಮಿರ್ಚಿ ಕರಿಯುವ ಬಾಣಲೆ. ಮೈ ತನ್ನ ಬಿಸಿಯನ್ನು ಹೊರಹಾಕುವುದು ಬೆವರಿನ ಮೂಲಕ. ಬೆವರಲು ನೀರು ಬೇಕು, ಬೆವರು ಆರಲು ಗಾಳಿ ಬೇಕು. ಎರಡರಲ್ಲಿ ಒಂದು ತಪ್ಪಿದರೂ ಒಳಗಿನ ಬಿಸಿ ಏರತೊಡಗುತ್ತದೆ.

ಬಿಸಿಲು ದುಡಿಮೆಯನ್ನು ತಿನ್ನುವ ಬಗೆಯನ್ನು ಲೆಕ್ಕ ಹಾಕಿದವರಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ 2030ರ ಹೊತ್ತಿಗೆ ಭಾರತವು ತನ್ನ ಒಟ್ಟು ಕೆಲಸದ ಹೊತ್ತಿನಲ್ಲಿ ಶೇ 5.8ರಷ್ಟನ್ನು ಬಿಸಿಲಿಗೆ ಕಳೆದುಕೊಳ್ಳಲಿದೆ. ಇದು 3 ಕೋಟಿ 40 ಲಕ್ಷ ಜನರ ಪೂರ್ಣಾವಧಿ ದುಡಿಮೆಗೆ ಸಮ. ಹಾಗಾಗಿ ‘ನೆರಳಿಗೆ ಕೂತರೆ ನಷ್ಟ’ ಎನ್ನುವ ಧಣಿ, ನೆರಳಿಲ್ಲದಿದ್ದರೆ ಆಗುವ ನಷ್ಟವನ್ನೂ ಬರೆದಿಡಬೇಕು.

ಬಿಸಿಗೆ ಮೈ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಬಿಸಿಲಿನ ಆಘಾತಕ್ಕೆ ಹೆಚ್ಚಾಗಿ ಸಿಗುವವರು ಹೊಸಬರು ಮತ್ತು ರಜೆ ಮುಗಿಸಿ ಬಂದವರು. ಹೊಸ ಹುಡುಗನಿಗೆ ಮೊದಲ ದಿನ ಬಿಸಿಯ ಜಾಗದಲ್ಲಿ ಐದನೇ ಒಂದು ಪಾಲು ಹೊತ್ತು ಮಾತ್ರ ಕೆಲಸ ಕೊಡಿ. ದಿನಕ್ಕೆ ಅಷ್ಟಷ್ಟೇ ಹೆಚ್ಚಿಸುತ್ತ ಐದನೇ ದಿನ ಪೂರ್ತಿ ಕೆಲಸಕ್ಕೆ ತನ್ನಿ. ಹೊಸ ಎತ್ತನ್ನು ನೊಗಕ್ಕೆ ರೂಢಿ ಮಾಡುವ ರೈತನಿಗೆ ಈ ಮಾತು ಹೊಸತಲ್ಲ.

ನೀರಡಿಕೆ ಆಗುವವರೆಗೆ ಕಾಯಬಾರದು. ಬಿಸಿಯಲ್ಲಿ ದುಡಿಯುವಾಗ 15-20 ನಿಮಿಷಕ್ಕೊಮ್ಮೆ ಒಂದು ಲೋಟ ತಣ್ಣಗಿನ ನೀರು ಬೇಕು. ಅದಕ್ಕಾಗಿ ನೀರಿನ ಕೊಡ ಕೆಲಸದ ಜಾಗದ ಪಕ್ಕದಲ್ಲೇ ಇರಬೇಕು, ಗೇಟಿನ ಬಳಿ ಅಲ್ಲ. ನಮ್ಮ ಹಿರಿಯರ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಈಗಲೂ ಒಳ್ಳೆಯ ಪಾನೀಯಗಳೇ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು ಎಷ್ಟು ನೀರು, ಎಷ್ಟು ಉಪ್ಪು ಎಂಬುದನ್ನು ತಮ್ಮ ವೈದ್ಯರಿಂದಲೇ ತಿಳಿಯಬೇಕು.

‘ತಲಿ ತಿರಗಾಕತ್ತೈತ್ರಿ ಧಣೇರ’ ಎಂದು ಯಾರಾದರೂ ಹೇಳಿದರೆ ಅದನ್ನು ನೆಪವೆಂದು ತಳ್ಳಿಹಾಕಬೇಡಿ. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ, ವಿಪರೀತ ದಣಿವು ಮುನ್ಸೂಚನೆಗಳು. ಮಾತು ತೊದಲುವುದು, ದಿಕ್ಕು ತಪ್ಪಿದವನಂತೆ ವರ್ತಿಸುವುದು, ಪ್ರಜ್ಞೆ ತಪ್ಪುವುದು ಕಂಡರೆ ಅದು ಬಿಸಿಲಾಘಾತ, ಜೀವಕ್ಕೆ ಅಪಾಯ. ಆಗ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನಿರಬೇಡಿ: ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸಕೋಶಕ್ಕೆ ಹೋದೀತು. ಆ ಮೊದಲ ಅರ್ಧ ಗಂಟೆಯ ಉಪಚಾರ ಆಸ್ಪತ್ರೆಯ ಔಷಧಿಯಷ್ಟೇ ದೊಡ್ಡದು, ಮತ್ತು ಅದು ಇರುವುದು ಜೊತೆಯವರ ಕೈಯಲ್ಲಿ.

ದೂಳು ಮತ್ತು ಸದ್ದು

ಇಳಕಲ್ಲಿನಿಂದ ಕುಷ್ಟಗಿಯವರೆಗಿನ ಕೆಂಪು ಕಲ್ಲು ದೇಶ-ವಿದೇಶಗಳಲ್ಲಿ ಹೆಸರು ಮಾಡಿದೆ. ಆ ಕಲ್ಲನ್ನು ಕೊರೆಯುವಾಗ ಏಳುವ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ದೂಳು ಶ್ವಾಸಕೋಶದ ಆಳಕ್ಕೆ ಇಳಿದು ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಈ ಕಾಯಿಲೆಯುಳ್ಳವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಮೂಗಿಗೆ ಕಟ್ಟಿದ ಟವೆಲು ದಪ್ಪ ದೂಳನ್ನಷ್ಟೇ ತಡೆಯುತ್ತದೆ. ನಿಜವಾದ ಉಪಾಯ ದೂಳು ಏಳದಂತೆ ಮಾಡುವುದು: ನೀರು ಬಿಡುತ್ತಾ ಕೊರೆಯುವುದು, ದೂಳನ್ನು ಹುಟ್ಟಿದಲ್ಲೇ ಹೀರುವ ಯಂತ್ರ, ಗುಡಿಸುವ ಮೊದಲು ನೀರು ಚಿಮುಕಿಸುವುದು. ಆ ಮೇಲೆ ಉಳಿದ ದೂಳಿಗೆ ಎನ್-95 ದರ್ಜೆಯ ಮುಖಗವಸು. ಕ್ರಮ ಇದೇ ಇರಬೇಕು. ಗವಸು ಹಂಚಿ ಕೈತೊಳೆದುಕೊಂಡರೆ ಸಾಲದು.

ಗಂಗಾವತಿಯ ಗಿರಣಿಗಳಲ್ಲಿ ಹೊಟ್ಟಿನ ದೂಳು ಮತ್ತು ಸದ್ದು ಎರಡೂ ಜೊತೆಗಾರರು. ಹೊಟ್ಟಿನ ದೂಳು ಉಬ್ಬಸವಿದ್ದವರನ್ನು ಬಹಳ ಕಾಡುತ್ತದೆ. ಸದ್ದಿನ ವಿಷಯದಲ್ಲಿ ಸುಲಭ ಪರೀಕ್ಷೆಯೊಂದಿದೆ: ಒಂದು ಮೊಳ-ಎರಡು ಮೊಳ ದೂರದಲ್ಲಿ ನಿಂತವರಿಗೂ ಕೂಗಿ ಹೇಳಬೇಕಾದರೆ ಆ ಸದ್ದು ಕಿವಿಗೆ ಅಪಾಯದ ಮಟ್ಟದಲ್ಲಿದೆ. ಕಿವಿಯ ಒಳಗಿನ ಸೂಕ್ಷ್ಮ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮನೆಯಲ್ಲಿ ಅಪ್ಪ ಟಿ.ವಿ.ಯ ಸದ್ದು ಏರಿಸುತ್ತಲೇ ಹೋಗುತ್ತಿದ್ದರೆ ಮನೆಯವರು ಸಿಟ್ಟಾಗುವ ಬದಲು ಕಿವಿ ಪರೀಕ್ಷೆಗೆ ಕರೆದೊಯ್ಯುವುದು ಒಳ್ಳೆಯದು.

ದೂಳು ಕಾರ್ಖಾನೆಯ ಗೋಡೆಯ ಒಳಗೇ ನಿಲ್ಲುವುದಿಲ್ಲ. 2025ರ ಫೆಬ್ರವರಿ 24ರಂದು ಕೊಪ್ಪಳದ ಸಮೀಪ ಬೃಹತ್ ಉಕ್ಕು ಕಾರ್ಖಾನೆ ಬೇಡವೆಂದು ಗವಿಮಠದ ಸ್ವಾಮೀಜಿಯವರ ಜೊತೆ ಸಾವಿರಾರು ಜನ ಬೀದಿಗಿಳಿದಿದ್ದರು. ಉದ್ಯೋಗ ಬೇಕು ಎನ್ನುವ ಜನರೇ ಉಸಿರೂ ಬೇಕು ಎಂದರು. ಹೊಸ ಕಾಲದ ಉದ್ಯಮಿ ಅರಿಯಬೇಕಾದದ್ದು ಇದನ್ನೇ. ಊರಿನ ಆರೋಗ್ಯ ಈಗ ಉದ್ಯಮದ ಲೆಕ್ಕದೊಳಗೇ ಬಂದಿದೆ.

ಹೆಣ್ಣುಮಕ್ಕಳು ದುಡಿಯುವಲ್ಲಿ

ಹೆಣ್ಣುಮಕ್ಕಳು ಕಾರ್ಖಾನೆ, ಮಳಿಗೆಗಳಿಗೆ ಬರುತ್ತಿರುವುದು ದೊಡ್ಡ ಬದಲಾವಣೆ. 2023ರಲ್ಲಿ ಕರ್ನಾಟಕವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಸುರಕ್ಷತೆಯ ಷರತ್ತುಗಳೊಂದಿಗೆ ಅವರ ರಾತ್ರಿಪಾಳಿಗೆ ಅವಕಾಶ ಮಾಡಿಕೊಟ್ಟಿತು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟವು ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು.

ಆದರೆ ಬಹಳಷ್ಟು ಕಡೆ ಕೊರತೆಯಿರುವುದು ಇನ್ನೂ ಸಣ್ಣದೊಂದು ವಿಷಯದಲ್ಲಿ – ಶೌಚಾಲಯ. ಹತ್ತಿರದಲ್ಲಿ ಶುಚಿಯಾದ, ಚಿಲಕವಿರುವ ಶೌಚಾಲಯವಿಲ್ಲದಿದ್ದರೆ ಹೆಣ್ಣುಮಕ್ಕಳು ಮಾಡುವ ಉಪಾಯ ಒಂದೇ: ನೀರು ಕುಡಿಯದಿರುವುದು. ಬೇಸಿಗೆಯಲ್ಲಿ ಇದರಿಂದ ಉರಿಮೂತ್ರ, ಮೂತ್ರನಾಳದ ಸೋಂಕು, ತಲೆನೋವು, ಮೂತ್ರಪಿಂಡದ ಕಲ್ಲು. ಗರ್ಭಿಣಿಯರಿಗಂತೂ ಇದು ಬಹಳ ಕೆಟ್ಟದ್ದು. ಹಣ್ಣು-ಕಾಯಿ ಅಂಗಡಿಗಳ ಸಾಲಿನಲ್ಲಿ ಹತ್ತಾರು ಧಣಿಗಳು ಕೂಡಿ ಒಂದು ಶೌಚಾಲಯ ಕಟ್ಟಿಸಿ ದಿನವೂ ತೊಳೆಸಿದರೆ ಅದು ಒಂದು ಸಣ್ಣ ಆಸ್ಪತ್ರೆ ಕಟ್ಟಿಸಿದಷ್ಟೇ ಪುಣ್ಯ.

ಮನಸ್ಸಿನ ಭಾರ

ಇಂಗ್ಲೆಂಡಿನಲ್ಲಿ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಒಂದು, 1985ರಲ್ಲಿ ಇನ್ನೊಂದು ದೀರ್ಘ ಅಧ್ಯಯನ ಶುರುವಾಯಿತು. ವೈಟ್‌ಹಾಲ್ ಅಧ್ಯಯನಗಳೆಂದು ಇವು ಹೆಸರಾಗಿವೆ. ಹೆಚ್ಚು ಜವಾಬ್ದಾರಿಯ ದೊಡ್ಡ ಅಧಿಕಾರಿಗಳಿಗೇ ಹೃದಯಾಘಾತ ಹೆಚ್ಚೆಂದು ಜನ ನಂಬಿದ್ದರು. ಕಂಡದ್ದು ತದ್ವಿರುದ್ಧ: ಕೆಳಗಿನ ದರ್ಜೆಯವರಲ್ಲೇ ಹೃದ್ರೋಗದ ಸಾವು ಹೆಚ್ಚು. ಬೀಡಿ-ಸಿಗರೇಟು, ರಕ್ತದ ಒತ್ತಡಗಳ ವ್ಯತ್ಯಾಸವನ್ನು ಕಳೆದ ಮೇಲೂ ಅಂತರ ಉಳಿಯಿತು. ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದು ಇದಕ್ಕೊಂದು ಮುಖ್ಯ ಕಾರಣವೆಂದು ಎರಡನೆಯ ಅಧ್ಯಯನದಿಂದ ತಿಳಿಯಿತು.

ಕಿನ್ನಾಳದ ಬೊಂಬೆ ಮಾಡುವವನ ಮಾತನ್ನು ಇಲ್ಲಿ ಮತ್ತೆ ನೆನೆಯಬಹುದು. ಕೆಲಸ ಕಠಿಣವಾಗಿದ್ದರೂ ‘ಇದನ್ನು ಹೀಗೆ ಮಾಡೋಣ’ ಎನ್ನುವ ಅವಕಾಶವಿದ್ದವನ ಎದೆ ಗಟ್ಟಿಯಾಗಿರುತ್ತದೆ. ಪಾಳಿ ಬದಲಿಸಿಕೊಳ್ಳಲು, ಬಿಡುವಿನ ಹೊತ್ತು ನಿಗದಿ ಮಾಡಲು, ಯಂತ್ರದ ತೊಂದರೆ ಹೇಳಲು ದುಡಿಯುವವರಿಗೆ ದಾರಿ ಮಾಡಿಕೊಡುವುದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ವಾರಕ್ಕೊಮ್ಮೆ ಹತ್ತು ನಿಮಿಷ ಕೂತು ‘ಏನು ತೊಂದರೆ?’ ಎಂದು ಕೇಳಿ, ಕೇಳಿದ್ದರಲ್ಲಿ ಒಂದನ್ನಾದರೂ ಸರಿಪಡಿಸಿ. ಕೆಲಸಗಾರ ತಪ್ಪು ಮಾಡಿದಾಗ, ಅವನನ್ನು ಬಯ್ಯುವ ಮುನ್ನ ಅವನು ಎಷ್ಟು ಹೊತ್ತಿನಿಂದ ನಿಂತಿದ್ದಾನೆಂದು ನೋಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಬಾರದು.

ಹೊಸ ಕಾಲದ ಇನ್ನೊಂದು ಕಾಟ ಮೊಬೈಲು. ರಾತ್ರಿ ಹತ್ತಕ್ಕೆ ಧಣಿಯ ಸಂದೇಶ ಬಂದರೆ ಊಟದ ತಟ್ಟೆಯ ಮುಂದಿದ್ದವನ ಮನಸ್ಸು ಮತ್ತೆ ಗೋದಾಮಿಗೆ ಹೋಗುತ್ತದೆ. ತುರ್ತಿಲ್ಲದ ಮಾತನ್ನು ಬೆಳಿಗ್ಗೆ ಹೇಳಿ. ಯಾರಾದರೂ ವಾರಗಟ್ಟಲೆ ಮಂಕಾಗಿದ್ದರೆ, ನಿದ್ದೆ-ಊಟ ಬಿಟ್ಟಿದ್ದರೆ, ಬದುಕು ಬೇಡವೆಂಬ ಮಾತಾಡಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ರಲ್ಲಿ ಕರೆ ಮಾಡಿದರೆ ಹಗಲು ರಾತ್ರಿ ಉಚಿತ ಸಲಹೆ ಸಿಗುತ್ತದೆ, ಕನ್ನಡದಲ್ಲೂ ಸಿಗುತ್ತದೆ.

ಧಣಿಯ ಎದೆಯೂ ಮನುಷ್ಯನದೇ

ಇಷ್ಟೆಲ್ಲ ಹೇಳಿದ ಮೇಲೆ ಧಣಿಯ ಆರೋಗ್ಯದ ಮಾತನ್ನು ಮರೆಯಲಾಗದು. ಗಲ್ಲೆಯ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಕೂರುವುದು, ಹೊತ್ತು ತಪ್ಪಿದ ಊಟ, ಗಂಟೆಗೊಂದು ಚಹಾ, ಸಾಲದ ಚಿಂತೆ – ಇವು ಅವರನ್ನೂ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರ ಮೇ ತಿಂಗಳಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35-40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಸಂಭವ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಸಂಭವ ಶೇ 17ರಷ್ಟು ಹೆಚ್ಚು. ದಿನಕ್ಕೆ 14 ಗಂಟೆ, ವಾರವೆಲ್ಲ ಅಂಗಡಿ ತೆರೆಯುವವರ ಲೆಕ್ಕ 98 ಗಂಟೆಯಾಗುತ್ತದೆ!

‘ನಾನಿಲ್ಲದಿದ್ದರೆ ನಡೆಯುವುದಿಲ್ಲ’ ಎನ್ನುವ ವ್ಯಾಪಾರ ಗಟ್ಟಿ ವ್ಯಾಪಾರವಲ್ಲ. ಒಂದು ದಿನ ಎದೆನೋವು ಬಂದರೆ ಅಂಗಡಿಯ ಜೊತೆಗೆ ಅದನ್ನು ನಂಬಿದ ಮನೆಗಳೆಲ್ಲ ಬಾಗಿಲು ಹಾಕುತ್ತವೆ. ಲೆಕ್ಕ, ಖರೀದಿ, ಗಲ್ಲೆಗಳನ್ನು ಮಗನಿಗೋ ಮಗಳಿಗೋ ನಂಬಿಕೆಯ ಗುಮಾಸ್ತನಿಗೋ ಕಲಿಸಿ. ವಾರಕ್ಕೊಂದು ದಿನವಾದರೂ ನೀವಿಲ್ಲದೆ ಅಂಗಡಿ ನಡೆಯಲಿ. 30 ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದ ಒತ್ತಡ, ಸಕ್ಕರೆ ನೋಡಿಸಿಕೊಳ್ಳಲಿ. ಒತ್ತಡ ಪದೇ ಪದೇ 140/90 ಅಥವಾ ಹೆಚ್ಚು ಬಂದರೆ ತಲೆನೋವಿಲ್ಲವೆಂದು ಸುಮ್ಮನಿರಬಾರದು. ರಕ್ತದ ಒತ್ತಡ ಸದ್ದಿಲ್ಲದೆ ಕೆಲಸ ಮಾಡುವ ಕಳ್ಳ. ಧಣಿ ಗುಟ್ಕಾ ಬಿಟ್ಟರೆ, ಹೊತ್ತಿಗೆ ಸರಿಯಾಗಿ ಊಟಕ್ಕೆ ಎದ್ದರೆ, ಕೆಲಸದವರಿಗೂ ಏಳಲು ಧೈರ್ಯ ಬರುತ್ತದೆ.

ಕಾನೂನು ಏನನ್ನುತ್ತದೆ?

ದೇಶದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ 2020ರ ಸಂಹಿತೆ, ನಿಗದಿಪಡಿಸಿದ ವಯಸ್ಸಿನ ಅಥವಾ ವರ್ಗದ ನೌಕರರಿಗೆ ಮಾಲೀಕರು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕೆನ್ನುತ್ತದೆ. ನೇಮಕಾತಿ ಪತ್ರ ಕೊಡಬೇಕು. ಹೆಚ್ಚುವರಿ ಹೊತ್ತಿನ ದುಡಿಮೆಗೆ ದುಪ್ಪಟ್ಟು ಕೂಲಿ ಕೊಡಬೇಕು. ಹೆಣ್ಣುಮಕ್ಕಳನ್ನು ಸಂಜೆ 7ರ ನಂತರ, ಬೆಳಿಗ್ಗೆ 6ರ ಮುಂಚೆ ದುಡಿಸಲು ಅವರ ಒಪ್ಪಿಗೆ ಬೇಕು.

ನೇಮಕಾತಿ ಪತ್ರಕ್ಕೂ ಆರೋಗ್ಯಕ್ಕೂ ಏನು ಸಂಬಂಧ ಎಂದು ಕೇಳಬಹುದು. ಬಹಳ ಸಂಬಂಧವಿದೆ. ಹತ್ತು ವರ್ಷ ಕಲ್ಲು ಕೊರೆದವನಿಗೆ ಕೆಮ್ಮು ಬಂದಾಗ, ತಾನು ಅಲ್ಲಿ ದುಡಿದೆನೆಂಬುದಕ್ಕೆ ಕಾಗದದ ಚೂರೂ ಇಲ್ಲದಿದ್ದರೆ ಪರಿಹಾರ ಕೇಳುವುದೆಲ್ಲಿ? ಹಾಗೆಯೇ ಇಎಸ್‌ಐ. 2019ರ ಜುಲೈಯಿಂದ ಇದಕ್ಕೆ ಮಾಲೀಕರ ಪಾಲು ಕೂಲಿಯ ಶೇ 3.25, ನೌಕರರ ಪಾಲು ಶೇ 0.75. ನೂರು ರೂಪಾಯಿ ಕೂಲಿಗೆ ನಾಲ್ಕು ರೂಪಾಯಿ! ಇಷ್ಟಕ್ಕೆ ಕುಟುಂಬಕ್ಕೆ ಚಿಕಿತ್ಸೆ, ಕಾಯಿಲೆಯ ರಜೆಯಲ್ಲಿ ಕೂಲಿಯ ಒಂದು ಭಾಗ ಸಿಗುತ್ತದೆ. ಈ ಹಣ ಉಳಿಸಲು ಹೆಸರು ದಾಖಲಿಸದಿರುವುದು ಎಷ್ಟು ಸಣ್ಣ ಲಾಭ, ಎಷ್ಟು ದೊಡ್ಡ ನಷ್ಟ ಎಂದು ಯೋಚಿಸಿ.

ಈ ವಾರದಿಂದಲೇ ಮಾಡಬಹುದಾದ್ದು

* ನೀರಿನ ಕೊಡವನ್ನು ಕೆಲಸದ ಜಾಗಕ್ಕೆ ತನ್ನಿ. ನೆರಳು, ಕೂರಲು ಒಂದು ಬೆಂಚು ಇರಲಿ.

* ಬೇಸಿಗೆಯಲ್ಲಿ ಭಾರದ ಕೆಲಸವನ್ನು ಮಧ್ಯಾಹ್ನ 12ರಿಂದ 4ರ ನಡುವೆ ಇಡಬೇಡಿ.

* ಪಾಳಿಯ ಪಟ್ಟಿಯನ್ನು ಮುಂಚಿತವಾಗಿ ಹಾಕಿ. ಸತತ ಮೂರು ರಾತ್ರಿ ದಾಟಬೇಡಿ.

* ಇಬ್ಬರಿಗಾದರೂ ಪ್ರಥಮ ಚಿಕಿತ್ಸೆ ಕಲಿಸಿ. 108 ಮತ್ತು 14416 ಸಂಖ್ಯೆಗಳನ್ನು ಗೋಡೆಗೆ ಬರೆಯಿಸಿ.

* ದೂಳಿನಲ್ಲಿ, ಸದ್ದಿನಲ್ಲಿ ದುಡಿಯುವವರಿಗೆ ವರ್ಷಕ್ಕೊಮ್ಮೆ ಶ್ವಾಸಕೋಶ, ಕಿವಿಗಳ ಪರೀಕ್ಷೆ ಮಾಡಿಸಿ. ವರದಿಯನ್ನು ಅವರ ಕೈಗೇ ಕೊಡಿ.

* ಕಾಯಿಲೆ ಹೇಳಿಕೊಂಡವನ ಕೆಲಸ ಹೋಗುವುದಿಲ್ಲವೆಂದು ಎಲ್ಲರ ಮುಂದೆ ಹೇಳಿ. ಈ ಭರವಸೆಯಿಲ್ಲದಿದ್ದರೆ ಯಾವ ತಪಾಸಣೆಯೂ ನಿಜ ಹೇಳುವುದಿಲ್ಲ.

ಮನೆಯವರಿಗೆ ಎರಡು ಮಾತು

ರಾತ್ರಿಪಾಳಿ ಮುಗಿಸಿ ಬಂದವರಿಗೆ ಮನೆಯಲ್ಲಿ ಕತ್ತಲು ಮಾಡಿದ, ಸದ್ದಿಲ್ಲದ ಒಂದು ಮೂಲೆ ಬೇಕು. ಕಿಟಕಿಗೆ ದಪ್ಪ ಕೌದಿ ಕಟ್ಟಿದರೂ ಸಾಕು. ಮಲಗುವ ಮುನ್ನ ಹಗುರ ಊಟ, ಎದ್ದ ಮೇಲೆ ಚಹಾ. ‘ಹಗಲೆಲ್ಲ ಮಲಗತಾನ’ ಎಂದು ಓಣಿಯವರು ಆಡಿಕೊಂಡರೆ ತಲೆ ಕೆಡಿಸಿಕೊಳ್ಳಬೇಡಿ. ಆ ಏಳು ಗಂಟೆಯ ನಿದ್ದೆ ಅವನ ಮುಂದಿನ ಪಾಳಿಗೆ ಕಟ್ಟಿಕೊಡುವ ಬುತ್ತಿ. ಹೊಲ, ಮನೆ, ಪಾಳಿ ಮೂರನ್ನೂ ಒಬ್ಬನ ಹೆಗಲಿಗೆ ಹಾಕಬೇಡಿ. ಪಾಳಿಗೆ ಹೋಗುವವಳು ಮನೆಯ ಹೆಣ್ಣುಮಗಳಾದರೆ, ಒಲೆಯ ಕೆಲಸವನ್ನು ಉಳಿದವರು ಹಂಚಿಕೊಳ್ಳಲೇಬೇಕು.

ಧಣಿಗಳಲ್ಲಿ ಒಂದು ಕೊನೆಯ ಮಾತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದವರನ್ನು ನಾವು ನೋಡಿದ್ದೇವೆ. ಕೆಲಸಗಾರ ಬಿದ್ದ ಮೇಲೆ ಆಸ್ಪತ್ರೆಯ ಬಿಲ್ಲು ಕಟ್ಟುವುದು ಔದಾರ್ಯ, ನಿಜ. ಅವನು ಬೀಳದಂತೆ ಪಾಳಿಯನ್ನೂ ನೀರನ್ನೂ ನೆರಳನ್ನೂ ಏರ್ಪಡಿಸುವುದು ಜಾಣತನ. ಎರಡನೆಯದಕ್ಕೆ ಖರ್ಚು ಕಡಿಮೆ, ಮತ್ತು ಸಂಜೆ ಅವನು ತನ್ನ ಕಾಲಿನ ಮೇಲೆ ಮನೆಗೆ ನಡೆದು ಹೋಗುತ್ತಾನೆ.